ಇದು ಯಾರ ಕೈಯ ಕಸೂತಿ?

ಶಾಲೆಯ ವಸ್ತುಪ್ರದರ್ಶನದ ಸ್ಪರ್ಧೆಗೆಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಮ್ಯಾಟಿ ಬಟ್ಟೆಯ ಮೇಲೆ ಹಾಕಿದ ಕಸೂತಿ ತಂದುಕೊಟ್ಟಳು. ನಡುವೆ ಕೆಂಪು ದಾರದ ಗೋಪುರ, ಸುತ್ತ ಅಂಚು. ಅಭ್ಯಾಸಬಲದಿಂದ ಮಗುಚಿ ನೋಡಿದೆ. ಹಿಂದೆಯೂ ಅದೇ ಗೋಪುರ, ಎಲ್ಲೂ ಒಂದು ಗಂಟಿಲ್ಲ. ಹನ್ನೆರಡು ವರ್ಷದ ಕೈ ಅಷ್ಟು ತಪ್ಪಿಲ್ಲದೆ ಎಳೆ ಎಣಿಸಲಾರದು.

"ನೀನೇ ಹಾಕಿದ್ದಾ?" ಎಂದೆ.

"ಹೂಂ ಮಿಸ್" ಎಂದು ನೆಲ ನೋಡಿದಳು.

ಅದೇ ವಯಸ್ಸಿನಲ್ಲಿ ನಾನೂ ಹಾಗೆಯೇ ನೆಲ ನೋಡಿದ್ದೆ.

ನಮ್ಮ ಹಾರನಹಳ್ಳಿ ಕಡೆಯದಲ್ಲ ಕಸೂತಿ, ಅದು ಧಾರವಾಡ ಸೀಮೆಯದು. ಹುಬ್ಬಳ್ಳಿಗೆ ಕೊಟ್ಟಿದ್ದ ನನ್ನ ಸೋದರತ್ತೆ ಬೇಸಿಗೆಯಲ್ಲಿ ಅರಸೀಕೆರೆಗೆ ಬಂದು ರೈಲಿಳಿದರೆ ಅವರ ಚೀಲದಲ್ಲಿ ದಾರದ ಲಡಿಗಳಿರುತ್ತಿದ್ದವು. ಶಾಲೆಯಲ್ಲಿ ನಾವು ಕಲಿತದ್ದು ಚೈನು, ಸ್ಟೆಮ್ಮು, ಲೇಜಿ ಡೇಜಿ. ಕಾರ್ಬನ್ ಕಾಗದವಿಟ್ಟು ಚಿತ್ರ ಇಳಿಸಿಕೊಂಡು ಗೆರೆಯ ಮೇಲೆ ಹೊಲಿಯುವುದು. ಅತ್ತೆಯ ಕಸೂತಿಗೆ ಗೆರೆಯೇ ಇಲ್ಲ. ಬಟ್ಟೆಯ ಎಳೆ ಎಣಿಸಿ ನಡೆಯಬೇಕು. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಒಂದು ಹಾಕುತ್ತ ಹೋಗುತ್ತದೆ, ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟದ್ದನ್ನು ತುಂಬುತ್ತದೆ. ಅದಕ್ಕೇ ಎರಡು ಮಗ್ಗುಲೂ ಒಂದೇ ತೆರ. ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ನೇಗಿ, ಮೆಂತೆ ನನ್ನವರೆಗೆ ಬರಲೇ ಇಲ್ಲ. ಹೋಗುವಾಗ ಒಂದು ಎಳೆ ತಪ್ಪಿದರೆ ಬರುವ ದಾರಿ ಕೂಡುವುದಿಲ್ಲ, ಬಿಚ್ಚಬೇಕು. ತೇರೊಂದನ್ನು ಬಿಚ್ಚಿ ಬಿಚ್ಚಿ, ಒಂದು ರಾತ್ರಿ ಅಳುತ್ತಲೇ ಮಲಗಿದೆ.

ಬೆಳಿಗ್ಗೆ ತೇರು ಪೂರ್ತಿಯಾಗಿತ್ತು. ಅತ್ತೆ ಏನೂ ಅರಿಯದವರಂತೆ ಕಾಫಿ ಸೋಸುತ್ತಿದ್ದರು. ಶಾಲೆ ತೆರೆದ ಮೇಲೆ ಅದಕ್ಕೇ ಮೊದಲ ಬಹುಮಾನ ಬಂತು, ನನ್ನ ಹೆಸರು ಕೊರೆಸಿದ ಸ್ಟೀಲ್ ಲೋಟ.

"ಯಾರು ಹಾಕಿದರೇನು ಮಗಳೇ, ಬಹುಮಾನ ಮನೆಗೆ ಬಂತಲ್ಲ" ಎಂದರು ಅತ್ತೆ. ಅವರ ಪಾಲಿಗೆ ಅದು ನನಗೆ ತಲೆ ಬಾಚಿದ ಹಾಗೆ, ಊಟ ಬಡಿಸಿದ ಹಾಗೆ. ಪ್ರೀತಿಯಲ್ಲಿ ಲೆಕ್ಕವೆಲ್ಲಿಯದು? ಆದರೆ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬೆರಳು ಚುಚ್ಚಿಸಿಕೊಂಡು ತಾನೇ ಒಂದು ಗಿಳಿ ಹಾಕಿದ್ದಳು. ಸೊಟ್ಟ ಗಿಳಿ. ಅವಳಿಗೆ ಏನೂ ಸಿಗಲಿಲ್ಲ. ಲೆಕ್ಕ ಅಲ್ಲಿತ್ತು.

ಇನ್ನೊಂದು ಮಾತು. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ತೋರಿಸುತ್ತೇನೆ. ಕಸೂತಿಗೂ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಸೀಮೆಗೆ ಹೆಸರಾಯಿತು, ಸಂತೋಷ. ಸೆರಗಿನ ಮೇಲೆ ಹೊಲಿದ ಹೆಂಗಸಿನ ಹೆಸರು ಮಾತ್ರ ನಾನೆಲ್ಲೂ ಕಂಡಿಲ್ಲ. ಅತ್ತೆಯ ಹೆಸರನ್ನು ತೇರಿನಿಂದ ಅಳಿಸಿದವಳು ನಾನೇ. ಮಗಳೆಂದು ಕರೆಸಿಕೊಂಡೇ ಅಳಿಸಿದೆ.

ಈ ಹುಡುಗಿಯನ್ನು ಬೈಯಲು ನನಗೇನು ಅಧಿಕಾರ? ಸುಮ್ಮನಿದ್ದರೆ ಸೊಟ್ಟ ಗಿಳಿಗಳ ಗತಿಯೇನು?

"ಪಕ್ಕದಲ್ಲಿ ಚೀಟಿ ಇಡಬೇಕು. ಯಾರ ಹೆಸರು ಬರೆಯಲಮ್ಮ?" ಎಂದೆ.

ತುಂಬ ಹೊತ್ತು ಸುಮ್ಮನಿದ್ದಳು. "ಅಜ್ಜೀದು ಬರೀರಿ ಮಿಸ್. ಅಂಚು ಮಾತ್ರ ನಂದು."

ಮತ್ತೆ ಮಗುಚಿದೆ. ಗೋಪುರ ನೋಡುವ ಭರದಲ್ಲಿ ಅಂಚು ನೋಡಿಯೇ ಇರಲಿಲ್ಲ. ಮೂಲೆಯಲ್ಲಿ ಮೂರು ಗಂಟು, ಒಂದು ಕಡೆ ಎಳೆ ತಪ್ಪಿದ ಮುರ್ಗಿ. ಚೀಟಿಯಲ್ಲಿ ಇಬ್ಬರ ಹೆಸರೂ ಬರೆದೆ. ಸ್ಪರ್ಧೆ ಮಕ್ಕಳಿಗೆ ಮಾತ್ರ ಎಂದು ತೀರ್ಪುಗಾರರು ಅದನ್ನು ಬಹುಮಾನಕ್ಕೆ ಪರಿಗಣಿಸಲಿಲ್ಲ. ಹುಡುಗಿ ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.