ಸಂಕಲ್ಪದಲ್ಲಿ ಯಾವ ಊರು?

ಡಾಕ್‌ಲ್ಯಾಂಡ್ಸ್‌ನ ಅಪಾರ್ಟ್‌ಮೆಂಟಿನಲ್ಲಿ ಗಣೇಶನ ಹಬ್ಬಕ್ಕೆ ಕುಳಿತಾಗ, ಊರಿಂದ ತಂದ ಚೀಟಿ ನೋಡಿ ಸಂಕಲ್ಪ ಹೇಳುತ್ತೇವೆ: ಜಂಬೂದ್ವೀಪ, ಭರತವರ್ಷ, ಪರಶುರಾಮ ಕ್ಷೇತ್ರ. ಕಿಟಕಿಯಾಚೆ ಯಾರಾ ನದಿ. ಹೋದ ವರ್ಷ ಮಗಳು ಕೇಳಿದಳು, "ಪರಶುರಾಮ ಕ್ಷೇತ್ರ ಎಂದರೆ ಎಲ್ಲಿ?"

ಅಜ್ಜಿ ಹೇಳಿದಂತೆಯೇ ಹೇಳಿದೆವು. ಕೊಡಲಿ ಎಸೆದರು, ಕಡಲು ಹಿಂದೆ ಸರಿಯಿತು, ನಮ್ಮ ಕರಾವಳಿಯಾಯಿತು. "ಅಲ್ಲಿ ಮೊದಲೇ ಮೀನು ಹಿಡಿಯುತ್ತಿದ್ದವರು?" ಅಜ್ಜಿಯ ಕಥೆಯಲ್ಲಿ ಕೊರಗರೂ ಇರಲಿಲ್ಲ, ಮೊಗವೀರರೂ ಇರಲಿಲ್ಲ. ನಾವೂ ಎಂದೂ ಕೇಳಿರಲಿಲ್ಲ.

ಇಲ್ಲಿಯ ಕಥೆ ಗೊತ್ತೇ ಎಂದು ಅವಳೇ ಶುರು ಮಾಡಿದಳು. ನಮ್ಮ ರಸ್ತೆಗಳ ನಡುವೆ ಸುಮಾರು 25 ಮೀಟರ್ ಎತ್ತರದ ಬಿಳಿ ಹದ್ದು ಇದೆಯಲ್ಲ, ಬ್ರೂಸ್ ಆರ್ಮ್‌ಸ್ಟ್ರಾಂಗ್ 2002ರಲ್ಲಿ ನಿಲ್ಲಿಸಿದ್ದು, ಅದು ಬಂಜಿಲ್, ಕುಲಿನ್ ಜನರ ಸೃಷ್ಟಿಕರ್ತ. ನಾವು ಅದನ್ನು ಕಾರು ತಿರುಗಿಸುವ ಗುರುತಾಗಿ ಬಳಸುತ್ತಿದ್ದೆವು. ಬುನ್‌ವುರಂಗ್ ಜನರ ಕಥೆಯಲ್ಲಿ ಪೋರ್ಟ್ ಫಿಲಿಪ್ ಕೊಲ್ಲಿ ಮೊದಲು ಬಯಲು. ಜನ ತಮ್ಮಲ್ಲೇ ಕಾದಾಡಿದರು, ಮಕ್ಕಳನ್ನೂ ನೆಲವನ್ನೂ ಮರೆತರು, ಕಡಲು ಏರಿತು. ಬಂಜಿಲ್ ನಡೆ ತಿದ್ದಿಕೊಳ್ಳಿ ಎಂದು ಮಾತು ತೆಗೆದುಕೊಂಡು, ನೀರಿನತ್ತ ನಡೆದು ಈಟಿ ಎತ್ತಿ ಅದನ್ನು ನಿಲ್ಲಿಸಿದ. ಅವನ ಕಟ್ಟಳೆಗಳಲ್ಲಿ ಒಂದು: ಬಂದವರನ್ನು ಬರಮಾಡಿಕೊಳ್ಳಿ, ಆದರೆ ಬಂದವರೂ ಈ ನೆಲದ ಕಟ್ಟಳೆ ಪಾಲಿಸುತ್ತೇವೆ, ಇದಕ್ಕೆ ಕೇಡು ಮಾಡುವುದಿಲ್ಲ ಎಂದು ಮಾತು ಕೊಡಬೇಕು.

ಇಂಜಿನಿಯರುಗಳಲ್ಲವೇ, ನಾವು ಮೊದಲು ಹುಡುಕಿದ್ದು ಪುರಾವೆ. ಸುಮಾರು 10,000 ವರ್ಷಗಳ ಹಿಂದೆ ಕೊಲ್ಲಿ ನಿಜಕ್ಕೂ ಬಯಲಾಗಿತ್ತು, ಯಾರಾ ಅದರ ಮಧ್ಯೆ ಹರಿಯುತ್ತಿತ್ತು. ಭೂವಿಜ್ಞಾನಿಗಳ ಮಾತು ಓದಿ ಖುಷಿಯಾಯಿತು. ಆಮೇಲೆ ನಾಚಿಕೆ. ಅವರ ಕಥೆಗೆ ಪರೀಕ್ಷೆ ಇಟ್ಟು ಪಾಸ್ ಮಾಡಿದೆವು. ನಮ್ಮ ಕೊಡಲಿಗೆ ಎಂದಾದರೂ ಪರೀಕ್ಷೆ ಇಟ್ಟಿದ್ದೆವೇ?

ಅಪಾಚೆ ಎಂದರೆ ನಮ್ಮ ವೃತ್ತಿಯವರಿಗೆ ವೆಬ್ ಸರ್ವರ್. ಅರಿಜೋನಾದ ಅಪಾಚೆ ಜನರ ಬಗ್ಗೆ ಕೀತ್ ಬಾಸ್ಸೋ 1996ರಲ್ಲಿ ಬರೆದ ಪುಸ್ತಕ ಓದಿದ್ದು ಇದಾದ ನಂತರ. ಅಲ್ಲಿ ತಪ್ಪು ಮಾಡಿದವನಿಗೆ ಬೈಯುವುದಿಲ್ಲ. ಒಂದು ಜಾಗದ ಹೆಸರು ಹೇಳಿ, ಅಲ್ಲಿ ನಡೆದ ಕಥೆ ಹೇಳಿ ಸುಮ್ಮನಾಗುತ್ತಾರೆ. ಆಮೇಲೆ ಅವನು ಆ ಜಾಗ ದಾಟುವಾಗಲೆಲ್ಲ ಅದು ಅವನನ್ನು ನೋಡುತ್ತಿರುತ್ತದೆ. ಕಥೆ ನೆಲವನ್ನು ನಮ್ಮದು ಎನ್ನುವುದಕ್ಕೋ, ನೆಲದ ಮುಂದೆ ನಮ್ಮನ್ನು ನಿಲ್ಲಿಸುವುದಕ್ಕೋ? ಪರಶುರಾಮರ ಕಥೆಯನ್ನು ನಾವು ಇಷ್ಟು ದಿನ ಮೊದಲನೆಯದಕ್ಕೇ ಬಳಸಿದೆವು ಅನ್ನಿಸುತ್ತದೆ. ತಪ್ಪು ಕಥೆಯದಲ್ಲ, ಕ್ಷತ್ರಿಯರನ್ನು ಕೊಂದು, ಗೆದ್ದ ನೆಲವನ್ನೆಲ್ಲ ದಾನ ಕೊಟ್ಟು, ಇರಲು ಜಾಗವಿಲ್ಲದೆ ಕಡಲ ಮುಂದೆ ನಿಂತವನ ಕಥೆ ಅದು. ಆ ಭಾಗವನ್ನು ನಾವು ಮಗಳಿಗೆ ಹೇಳಿರಲಿಲ್ಲ.

ಊರಿನ ಭಟ್ಟರಿಗೆ ಫೋನ್ ಮಾಡಿ, ಸಂಕಲ್ಪದಲ್ಲಿ ಏನು ಹೇಳಲಿ ಎಂದು ಕೇಳಿದೆವು. "ಕೂತ ಜಾಗ ಹೇಳಿ ಮಾರಾಯ್ರೆ, ಅದಕ್ಕೇ ಅಲ್ವಾ ಅದು ಇರುವುದು" ಎಂದು ನಕ್ಕರು. ಈ ಸಲ ಮಗಳೇ ಚೀಟಿ ಬರೆದಳು. ಯಾರಾ ಎಂದಲ್ಲ, ನದಿಯ ಹಳೆಯ ಹೆಸರು, ಬಿರಾರಂಗ್. ಹೇಳುವಾಗ ನಮ್ಮ ನಾಲಿಗೆ ಎರಡು ಸಲ ತಡವರಿಸಿತು, ಅವಳು ತಿದ್ದಿದಳು.