ಒಂದೇ ಪ್ರಶ್ನೆಪತ್ರಿಕೆ ಎಂಬ ನ್ಯಾಯ

“ಎಲ್ಲಾರಿಗೂ ಒಂದ ಪೇಪರು, ಒಂದ ಟೈಮು, ಒಂದ ಗಂಟಿ. ಇದಕ್ಕಿಂತ ಹೆಚ್ಚಿನ ಸಮಾನತಾ ಇನ್ನೇನ ಬೇಕ್ರಿ ನಿಮಗ?”

ಈ ಪ್ರಶ್ನೆಯನ್ನು ನಾವು ಗೋಕಾಕದ ಚಹಾದಂಗಡಿಯಲ್ಲಿ ಕೇಳಿದ್ದೇವೆ, ಮೂಡಲಗಿಯ ಸಂತೆಯಲ್ಲಿ ಕೇಳಿದ್ದೇವೆ, ಹುಕ್ಕೇರಿ ಕಡೆಯ ಸಾಲಿಗಳಲ್ಲಿ ಮಾಸ್ತರರ ಬಾಯಿಂದಲೇ ಕೇಳಿದ್ದೇವೆ. ಕೇಳುವವರೆಲ್ಲ ದುಷ್ಟರಲ್ಲ. ಎಷ್ಟೋ ಜನ ನಿಜವಾಗಿ ಹಾಗೆ ನಂಬಿದವರು. ಮೀಸಲಾತಿಯ ಮಾತು ಬಂದಾಗಲೆಲ್ಲ ಅವರು ಕೊನೆಗೆ ಬಂದು ನಿಲ್ಲುವುದು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ. ಒಳಗೆ ಎಲ್ಲರೂ ಸಮಾನರು, ಹೊರಗಿನದು ಪರೀಕ್ಷೆಗೆ ಸಂಬಂಧಪಡದ್ದು ಎಂಬುದು ಅವರ ವಾದ. ಇದಕ್ಕೆ ಬರೀ ಘೋಷಣೆಯಿಂದ ಉತ್ತರ ಕೊಟ್ಟರೆ ಸಾಲದು. ಯಾಕೆಂದರೆ ಈಗ ನಮ್ಮ ಕೇರಿಯ ಮಕ್ಕಳೂ ಅದೇ ಬಾಗಿಲ ಮುಂದೆ ನಿಂತಿದ್ದಾರೆ. ಕೆಲವರ ಕಣ್ಣು ಸಮುದ್ರದಾಚೆಗೂ ಹೋಗಿದೆ.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಪ್ರಶ್ನೆಪತ್ರಿಕೆಗೆ ನಮ್ಮ ಜಾತಿ ಗೊತ್ತಿಲ್ಲ. ಹೊಸಬರು ಯಾರೇ ಬರಲಿ, “ಯಾವೂರು? ಯಾರ ಪೈಕಿ?” ಎಂದು ಎರಡನೆಯ ಮಾತಿಗೇ ಕುಲ ಕೆದಕುವ ಸಮಾಜ ನಮ್ಮದು. ಇಂಥಲ್ಲಿ ಹೆಸರಿನ ಜಾಗದಲ್ಲಿ ಒಂದು ನಂಬರು ಬಂದು ಕೂಡುವುದು ಸಣ್ಣ ಸಂಗತಿಯಲ್ಲ. ನ್ಯೂಟನ್ನನ ನಿಯಮ ಮಡಿ ಮೈಲಿಗೆ ನೋಡುವುದಿಲ್ಲ. ಪರೀಕ್ಷೆಯನ್ನೇ ಸುಟ್ಟುಬಿಡಬೇಕು ಎನ್ನುವ ನಮ್ಮ ಕೆಲವು ಗೆಳೆಯರ ಸಿಟ್ಟು ಅರ್ಥವಾಗುತ್ತದೆ. ಆದರೆ ಸುಟ್ಟ ಮೇಲೆ ಉಳಿಯುವುದೇನು? ಗೌಡರ ಶಿಫಾರಸು ಚೀಟಿ ಮತ್ತು ದುಡ್ಡಿದ್ದವರ ಚೆಕ್ಕು. ಅವೆರಡಕ್ಕಿಂತ ಪರೀಕ್ಷೆ ಸಾವಿರ ಪಾಲು ಮೇಲು.

ಹಾಗಾದರೆ ಈ ಪರೀಕ್ಷೆ ಅಳೆಯುವುದು ಏನನ್ನು?

ಇಟಲಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷಿನ ಮೂಲಕ ವೈದ್ಯಕೀಯ ಓದುವವರಿಗೆ ಐಮ್ಯಾಟ್ ಎಂಬ ಪರೀಕ್ಷೆಯಿದೆ. 60 ಪ್ರಶ್ನೆ, 100 ನಿಮಿಷ. ಸರಿಯುತ್ತರಕ್ಕೆ 1.5 ಅಂಕ, ತಪ್ಪಿದರೆ 0.4 ಕಡಿತ. ಜಪಾನಿನಲ್ಲಿ ಪದವಿ ಓದಬಯಸುವ ಹೊರದೇಶದ ಮಕ್ಕಳಿಗೆಂದೇ 2002ರಿಂದ ಇಜೆಯು ಎಂಬ ಪರೀಕ್ಷೆ ನಡೆಯುತ್ತ ಬಂದಿದೆ, ವರ್ಷಕ್ಕೆ ಎರಡು ಸಲ, ಜೂನ್ ಮತ್ತು ನವೆಂಬರಿನಲ್ಲಿ. ಅದರ ವಿಜ್ಞಾನದ ಪತ್ರಿಕೆಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಎರಡನ್ನು ಆರಿಸಿಕೊಂಡು 80 ನಿಮಿಷದಲ್ಲಿ ಮುಗಿಸಬೇಕು. ಭಾಷೆ ಜಪಾನಿ, ಇಲ್ಲವೆ ಇಂಗ್ಲಿಷ್. ನಮ್ಮ ದೇಶದಲ್ಲಿ ಅದರ ಕೇಂದ್ರ ಇದ್ದದ್ದು ದೆಹಲಿಯಲ್ಲಿ. ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತುವ ಹುಡುಗಿಗೆ ಮೊದಲ ಪ್ರಶ್ನೆ ಭೌತಶಾಸ್ತ್ರದ್ದಲ್ಲ, ಟಿಕೀಟಿನದು. ಇನ್ನು ಯಾವ ದೇಶದಲ್ಲಿಯೇ ಎಂ.ಬಿ.ಬಿ.ಎಸ್. ಓದಿ ಬಂದು ಇಲ್ಲಿ ಡಾಕ್ಟರಾಗಬೇಕೆಂದರೂ 2018ರಿಂದ ಹೋಗುವ ಮೊದಲೇ ನಮ್ಮ ನೀಟ್ ಪಾಸಾಗಿರಬೇಕು. ಓದಿ ಬಂದ ಮೇಲೆ ಮತ್ತೊಂದು ಪರೀಕ್ಷೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ವಿಜ್ಞಾನದ ಮಾತು ಆಡುತ್ತಿದ್ದೇವಲ್ಲ. ಐಮ್ಯಾಟಿನಲ್ಲಿ ಒಂದು ಪ್ರಶ್ನೆಗೆ ಸಿಗುವುದು 100 ಸೆಕೆಂಡು. ಹತ್ತನೆಯ ತನಕ ಕನ್ನಡದಲ್ಲಿ ಓದಿದ ಹುಡುಗ ಇಂಗ್ಲಿಷಿನ ಪ್ರಶ್ನೆಯನ್ನು ತನ್ನ ತಲೆಯೊಳಗೆ ಕನ್ನಡಕ್ಕೆ ತಂದುಕೊಂಡು ತಿಳಿಯಲು ಬರೀ 15 ಸೆಕೆಂಡು ಹೆಚ್ಚಿಗೆ ತೆಗೆದುಕೊಂಡ ಅನ್ನಿ. 60 ಪ್ರಶ್ನೆಗೆ 900 ಸೆಕೆಂಡು. ಅಂದರೆ 15 ನಿಮಿಷ. ಅಂದರೆ 9 ಪ್ರಶ್ನೆ. ಆ 9 ಪ್ರಶ್ನೆಗಳ ಉತ್ತರ ಅವನಿಗೆ ಗೊತ್ತಿರಲಿಲ್ಲ ಎಂದು ಫಲಿತಾಂಶ ಹೇಳುತ್ತದೆ. ಗೊತ್ತಿತ್ತು. ಆದರೆ ಗಂಟೆ ಹೊಡೆಯಿತು. ವೇಗ ಅಂದರೆ ಬುದ್ಧಿಯಲ್ಲ, ರೂಢಿ. ಎಂಟನೆಯ ವರ್ಗದಿಂದಲೇ ಕೋಚಿಂಗಿಗೆ ಹೋಗಿ, ಅಂಥದೇ ಸಾವಿರ ಪ್ರಶ್ನೆ ಬಿಡಿಸಿದವನಿಗೆ ಪ್ರಶ್ನೆಯ ಮೊದಲ ಸಾಲು ನೋಡುವಷ್ಟರಲ್ಲಿ ಉತ್ತರದ ದಾರಿ ಕಾಣುತ್ತದೆ. ನಮ್ಮ ಹುಡುಗ ಆ ದಾರಿಯನ್ನು ಅಲ್ಲೇ ಕಡಿದುಕೊಂಡು ಹೋಗಬೇಕು. ಇಬ್ಬರಲ್ಲಿ ಹೆಚ್ಚು ಯೋಚನೆ ಮಾಡಿದವನು ಯಾರು? ಹೆಚ್ಚು ಅಂಕ ಬಂದದ್ದು ಯಾರಿಗೆ?

ಗೋಕಾಕ ಫಾಲ್ಸಿನದೇ ಉದಾಹರಣೆ ತೆಗೆದುಕೊಳ್ಳಿ. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ಮಳೆಗಾಲದಲ್ಲಿ ಆ ಕೆಂಪು ನೀರಿನ ಸಪ್ಪಳ ಕೇಳುತ್ತ ಬೆಳೆದ ಮಗುವಿಗೆ ಬೀಳುವ ವಸ್ತುವಿನ ವೇಗ ಏನೆಂಬುದು ಮೈಗೇ ಗೊತ್ತು. ಅದೇ ಮಗುವಿಗೆ ಪಿಯುಸಿಯಲ್ಲಿ, ಒಂದು ಕಾಯ 52 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗವೆಷ್ಟು ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಸೆಕೆಂಡಿಗೆ ಹತ್ತಿರ ಹತ್ತಿರ 32 ಮೀಟರ್ ಎಂಬುದು ಉತ್ತರ. ಮಗು ಬಾಯಿಪಾಠ ಮಾಡಿದ ಸೂತ್ರ ಹುಡುಕುತ್ತದೆ. ತನ್ನ ಫಾಲ್ಸು ನೆನಪಾಗುವುದಿಲ್ಲ. ಅದನ್ನೂ ಇದನ್ನೂ ಜೋಡಿಸಿ ತೋರಿಸಿದವರು ಯಾರೂ ಇಲ್ಲ.

ಆ ಪ್ರಶ್ನೆಯ ಕೊನೆಗೆ ಒಂದು ಸಣ್ಣ ಸಾಲು ಇರುತ್ತದೆ: ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಳಿಜಾರಿನ ಲೆಕ್ಕವಾದರೆ, ಘರ್ಷಣೆಯನ್ನು ಬಿಟ್ಟುಬಿಡಿ. ಭೌತಶಾಸ್ತ್ರದಲ್ಲಿ ಇದು ತಪ್ಪಲ್ಲ. ಲೆಕ್ಕ ಸರಳ ಆಗಲಿ ಅಂತ ಮಾಡಿಕೊಂಡ ಒಪ್ಪಂದ, ಮುಂದೆ ಅದೇ ಘರ್ಷಣೆಯನ್ನು ಬೇರೆ ಪಾಠದಲ್ಲಿ ಕಲಿಸುತ್ತಾರೆ. ಪ್ರತಿಭೆಯ ಮಾತಾಡುವವರೂ ಇದನ್ನೇ ಮಾಡುತ್ತಾರೆ. ಆದರೆ ಅವರು ಘರ್ಷಣೆಯ ಪಾಠಕ್ಕೆ ಎಂದೂ ಬರುವುದಿಲ್ಲ. ಹಬ್ಬದ ಮರುದಿನ ಕಬ್ಬಿನ ಗ್ಯಾಂಗಿನ ಹಿಂದೆ ಹೋದ ಮಗಳು, ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ತುಂಬಿಕೊಂಡ ಮಕ್ಕಳು, ವರ್ಷದ ನಡುವೆ ವರ್ಗವಾಗಿ ಹೋದ ಗಣಿತದ ಮಾಸ್ತರ, ಇವೆಲ್ಲ ಅವರ ಲೆಕ್ಕದಲ್ಲಿ ಬಿಟ್ಟುಬಿಟ್ಟ ಘರ್ಷಣೆ.

ಗೋಕಾಕ ಎಂಬ ಹೆಸರು ಈ ನಾಡಿನಲ್ಲಿ ಒಂದು ದೊಡ್ಡ ಚಳವಳಿಯ ಹೆಸರೂ ಆಯಿತು. ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದಿತು. 1982ರಲ್ಲಿ ಊರೂರು ಬೀದಿಗೆ ಬಂತು. ಅದಕ್ಕೂ ಮುಂಚೆ, 1973ರಲ್ಲಿ, ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ, ದಲಿತರ ಮಕ್ಕಳು ಇಂಗ್ಲಿಷ್ ಕಲಿಯಲಿ ಎಂಬ ಅರ್ಥದ ಮಾತಾಡಿ ಮಂತ್ರಿ ಪದವಿ ಕಳೆದುಕೊಂಡಿದ್ದರು. ನಮ್ಮ ಚಳವಳಿ ಹುಟ್ಟಿದ್ದೇ ಆ ಬೆಂಕಿಯಲ್ಲಿ. ಈಗ ಹಿಂತಿರುಗಿ ನೋಡಿದರೆ ಏನು ಕಾಣುತ್ತದೆ? ಕನ್ನಡಕ್ಕಾಗಿ ಗಂಟಲು ಹರಿದುಕೊಂಡ ಅನೇಕರ ಮಕ್ಕಳು ಇಂಗ್ಲಿಷ್ ಸಾಲಿಗೆ ಹೋದರು. ಬಡವರ ಮಕ್ಕಳಿಗೆ ಹತ್ತನೆಯ ತನಕ ಕನ್ನಡ, ಹನ್ನೊಂದನೆಯ ಮೊದಲ ದಿನ ಬರೀ ಇಂಗ್ಲಿಷ್. ಈಜು ಬರದವನನ್ನು ಸೇತುವೆ ಮೇಲಿಂದ ನೂಕಿದ ಹಾಗೆ. 2017ರಿಂದ ನೀಟ್ ಪತ್ರಿಕೆ ಕನ್ನಡದಲ್ಲಿಯೂ ಸಿಗುತ್ತದೆ ನಿಜ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದ ಮೇಲೆ ಕೊನೆಯ ದಿನ ಕನ್ನಡದ ಪತ್ರಿಕೆ ಕೈಗಿಟ್ಟರೆ ಅದೂ ಪರಭಾಷೆಯೇ. ಬಸವಲಿಂಗಪ್ಪನವರು ಹೇಳಿದ ಬಾಗಿಲು ಇಂಗ್ಲಿಷೇ ಹೌದು. ಬಾಗಿಲ ತನಕ ನಡೆಯುವ ನೆಲ ಮಾತ್ರ ಕನ್ನಡದ್ದು. ನೆಲ ಅಗೆದು ಬಾಗಿಲು ತೋರಿಸಿದವರೂ, ಬಾಗಿಲು ಮುಚ್ಚಿ ನೆಲ ಹೊಗಳಿದವರೂ ನಮಗೆ ಮಾಡಿದ್ದು ಒಂದೇ.

ಇಲ್ಲಿ ಚಳಗೇರಿಯ ನವೀನನ ಮಾತು ಬಿಟ್ಟು ಮುಂದೆ ಹೋಗಲಾಗದು. ರಾಣೆಬೆನ್ನೂರು ತಾಲೂಕಿನ ಆ ಹುಡುಗ ಉಕ್ರೇನಿನ ಹಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ. 2022ರ ಮಾರ್ಚ್ 1ರಂದು, ಊಟದ ಸಾಮಾನು ತರಲು ಹೋದಾಗ, ಷೆಲ್ ದಾಳಿಗೆ ಸತ್ತ. ಪಿಯುಸಿಯಲ್ಲಿ 97 ಪರ್ಸೆಂಟ್ ಬಂದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನ ತಂದೆ ಪತ್ರಿಕೆಯವರ ಮುಂದೆ ಅತ್ತರು. ಕೋಟಿಗಟ್ಟಲೆ ಡೊನೇಶನ್ನನ್ನೂ ದೂರಿದರು, ಜಾತಿವಾರು ಸೀಟು ಹಂಚಿಕೆಯನ್ನೂ ದೂರಿದರು. ಮಗನನ್ನು ಕಳೆದುಕೊಂಡ ತಂದೆಯ ಜೊತೆ ವಾದ ಮಾಡುವುದು ಮನುಷ್ಯತ್ವವಲ್ಲ, ನಾವು ಮಾಡುವುದಿಲ್ಲ. ಆದರೆ ಆ ಕಣ್ಣೀರನ್ನು ಎತ್ತಿಕೊಂಡು ಮೀಸಲಾತಿಯ ಮೇಲೆ ಸುರಿದ ಜಾಣರಿದ್ದಾರಲ್ಲ, ಅವರ ಜೊತೆ ಮಾಡುತ್ತೇವೆ. ಖಾಸಗಿ ಕಾಲೇಜುಗಳಲ್ಲಿ 15 ಪರ್ಸೆಂಟಿನವರೆಗೆ ಅನಿವಾಸಿ ಭಾರತೀಯರ ಕೋಟಾಕ್ಕೆ 2005ರಲ್ಲಿ ಸುಪ್ರೀಂ ಕೋರ್ಟೇ ಜಾಗ ಕೊಟ್ಟಿದೆ. ಅದು ಹಣಕ್ಕೆ ಇಟ್ಟ ಮೀಸಲಾತಿ. ಅದರಿಂದ ಪ್ರತಿಭೆ ಸತ್ತಿತು ಎಂದು ಯಾರಾದರೂ ಧರಣಿ ಕೂತರೇ? 2023ರ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ವೈದ್ಯಕೀಯ ಸೀಟು ಖಾಲಿ ಉಳಿದವೆಂದು ನೀಟ್ ಪಿಜಿಯ ಅರ್ಹತೆಯನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಸೊನ್ನೆಗೆ! ಆಗ ಯೋಗ್ಯತೆಯ ದೇವರು ಯಾವ ಗುಡಿಯಲ್ಲಿ ಮಲಗಿದ್ದ? ನವೀನನ ಸೀಟು ತಿಂದದ್ದು ಕೇರಿಯ ಹುಡುಗನಲ್ಲ. ಇಬ್ಬರನ್ನೂ ಹೊರಗೆ ನಿಲ್ಲಿಸಿದ್ದು ಒಂದೇ ಗೇಟು. ಅವನ ಮನೆಯವರು ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಆ ಸುದ್ದಿ ಓದಿದ ದಿನ ನಮ್ಮಲ್ಲಿ ಯಾರಿಗೂ ಊಟ ಸೇರಲಿಲ್ಲ.

ಹೊರದೇಶಕ್ಕೆ ಹೋಗುವ ಆಸೆಯೇ ತಪ್ಪು, ಇಲ್ಲೇ ಇದ್ದು ಹೋರಾಡಬೇಕು ಎನ್ನುವ ಗೆಳೆಯರೂ ಇದ್ದಾರೆ. ಅವರಿಗೆ ಬಾಬಾಸಾಹೇಬರನ್ನು ನೆನಪಿಸಿದರೆ ಸಾಕು. ಸಾಲಿಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂತು ಕಲಿತವರು, ಸಂಸ್ಕೃತ ಬೇಕೆಂದರೆ ಸಿಗದೆ ಪರ್ಶಿಯನ್ ಓದಿದವರು, 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಕೊಲಂಬಿಯಾಕ್ಕೆ ಹೋದರು. ಅಲ್ಲಿ ಅವರ ಬುದ್ಧಿಗೆ ಪರೀಕ್ಷೆ ನಡೆಯಿತು. 1917ರಲ್ಲಿ, ಹತ್ತು ವರ್ಷ ಸೇವೆಯ ಕರಾರಿನ ಪ್ರಕಾರ ಬರೋಡಾಕ್ಕೆ ಬಂದರೆ ಅಲ್ಲಿ ಅವರ ಹುಟ್ಟಿಗೆ ಪರೀಕ್ಷೆ ನಡೆಯಿತು. ಪಾರ್ಸಿ ಹೆಸರಿಟ್ಟುಕೊಂಡು ಛತ್ರದಲ್ಲಿ ಇದ್ದವರನ್ನು ಹನ್ನೊಂದನೆಯ ದಿನ ಬಡಿಗೆ ಹಿಡಿದ ಗುಂಪು ಹೊರಗೆ ಹಾಕಿತು. ಎರಡನೆಯ ಪರೀಕ್ಷೆಗೆ ಯಾವ ಪುಸ್ತಕ ಓದಿ ತಯಾರಾಗಬೇಕು, ಹೇಳಿ?

ಅವರು 1916ರಲ್ಲಿ ಕೊಲಂಬಿಯಾದಲ್ಲಿ ಓದಿದ ಪ್ರಬಂಧ ಭಾರತದ ಜಾತಿಗಳ ಹುಟ್ಟಿನ ಮೇಲೆ. ಈಗ ಪರಿಶಿಷ್ಟ ಜಾತಿ ಮೊದಲಾದ ವರ್ಗಗಳ ಮಕ್ಕಳಿಗೆ ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 125. 2022ರಲ್ಲಿ ಅದಕ್ಕೊಂದು ಷರತ್ತು ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಗಳಿಗೆ ಈ ಹಣ ಇಲ್ಲ. ಆ ಷರತ್ತಿನ ಮುಂದೆ ನಿಂತರೆ 1916ರ ಆ ಪ್ರಬಂಧಕ್ಕೆ ಒಂದು ಪೈಸೆ ಹುಟ್ಟುತ್ತಿರಲಿಲ್ಲ. ವಿಜ್ಞಾನ ಕಲಿಯಿರಿ, ನಿಮ್ಮನ್ನು ತುಳಿದವರ ಬಗ್ಗೆ ಮಾತ್ರ ಕಲಿಯಬೇಡಿ ಎಂದ ಹಾಗಾಯಿತು. ನಮ್ಮ ಮಕ್ಕಳು ವಿಜ್ಞಾನ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರಣ ಕೇಳುವುದನ್ನು ಕಲಿತ ಹುಡುಗಿ ನೀರು ಯಾಕೆ ಕೆಳಗೆ ಬೀಳುತ್ತದೆ ಎಂದು ಕೇಳಿ, ತನ್ನ ಕೇರಿ ಯಾಕೆ ಊರ ಹೊರಗಿದೆ ಎಂದು ಕೇಳದೆ ಇರುತ್ತಾಳೆಯೆ?

ಹೋದವರು ಊರಿಗೆ ಏನು ಕೊಡಬೇಕು ಎಂಬುದು ಉಳಿದ ಪ್ರಶ್ನೆ. ಇದನ್ನು ಕೇಳುವಾಗ ಹುಷಾರಾಗಿರಬೇಕು. ಅಪ್ಪನ ದುಡ್ಡಿನಲ್ಲಿ ಅಮೇರಿಕಕ್ಕೆ ಹೋಗಿ ಅಲ್ಲೇ ಮನೆ ಕಟ್ಟಿದವನನ್ನು “ಸಮಾಜಕ್ಕೇನ ಕೊಟ್ಟಿ?” ಅಂತ ಯಾರೂ ಕೇಳುವುದಿಲ್ಲ. ನಮ್ಮ ಹುಡುಗಿ ವಿಮಾನ ಹತ್ತುವ ಮೊದಲೇ ಅವಳ ಮೇಲೆ ಕೇರಿಯ ಭಾರ, ದೇಶದ ಭಾರ, ಚಳವಳಿಯ ಭಾರ ಹೊರಿಸುತ್ತೇವೆ. ಅದು ಅನ್ಯಾಯ. ಅವಳು ವಾಪಸು ಬರಲೇಬೇಕೆಂದು ಕಟ್ಟುಪಾಡು ಹಾಕಲು ನಮಗೆ ಹಕ್ಕಿಲ್ಲ. ಹಣ ಕಳಿಸೆಂದು ಕೇಳಲೂ ನಾಚಿಕೆಯಾಗಬೇಕು. ಆದರೆ ಅವಳು ಕಷ್ಟಪಟ್ಟು ಗಳಿಸಿದ್ದರಲ್ಲಿ ಒಂದಿದೆ, ಹಂಚಿದರೆ ಅವಳಿಗೆ ಕಡಿಮೆಯಾಗದ್ದು. ಯಾವ ಅರ್ಜಿ, ಯಾವ ತಾರೀಖು, ಯಾವ ದಾಖಲೆ, ಯಾವ ಪಾಠದಿಂದ ಹೆಚ್ಚು ಪ್ರಶ್ನೆ, ಎಲ್ಲಿ ಸೆಕೆಂಡು ಉಳಿಯುತ್ತದೆ, ಎಲ್ಲಿ ಹೋಗುತ್ತದೆ. ಮೇಲ್ಜಾತಿಯ ಮನೆಗಳಲ್ಲಿ ಇದು ಊಟದ ಹೊತ್ತಿಗೆ ಕಾಕಾನಿಂದ ಮಗನಿಗೆ, ಅಕ್ಕನಿಂದ ತಮ್ಮನಿಗೆ ಸುಮ್ಮನೆ ದಾಟುತ್ತದೆ. ಅದನ್ನೇ ಅವರು ಪ್ರತಿಭೆ ಎನ್ನುತ್ತಾರೆ. ನಮ್ಮಲ್ಲಿ ಅಂಥ ಕಾಕಾ ಇಲ್ಲ. ಹಾಗಾಗಿ ಆ ಕಾಕಾನ ಕೆಲಸವನ್ನು ನಾವೇ, ಸಂಘಟನೆಯೇ, ಮಾಡಬೇಕು.

ಹಳ್ಳಿಯ ವಿಜ್ಞಾನದ ಮಾಸ್ತರರಿಗೆ, ಅಕ್ಕೋರಿಗೆ ನಮ್ಮದೊಂದು ವಿನಂತಿ. ಎಂಟು, ಒಂಬತ್ತು, ಹತ್ತನೆಯ ಪುಸ್ತಕದ ಒಂದೊಂದು ಪಾಠದ ವಿಜ್ಞಾನದ ಶಬ್ದಗಳನ್ನು ಕನ್ನಡ ಒಂದು ಕಡೆ, ಇಂಗ್ಲಿಷ್ ಒಂದು ಕಡೆ ಬರೆದು ಗೋಡೆಗೆ ಹಚ್ಚಿರಿ. ಇದಕ್ಕೆ ಯಾವ ಇಲಾಖೆಯ ಆದೇಶವೂ ಬೇಡ. ಪಿಯುಸಿ ಮುಗಿಸಿದ ಹುಡುಗರು ತಮ್ಮ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕದೆ ಕೇರಿಯ ಸಮುದಾಯ ಭವನಕ್ಕೆ ತಂದಿಡಿರಿ. ಈ ರವಿವಾರ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕುಂದ್ರೋಣ, ಮೊದಲು ಕನ್ನಡದಲ್ಲಿ ತಿಳಿಯೋಣ, ಆಮೇಲೆ ಇಂಗ್ಲಿಷಿನಲ್ಲಿ ಬಿಡಿಸೋಣ. ಫಾಲ್ಸಿನ ಲೆಕ್ಕದಿಂದಲೇ ಸುರು ಮಾಡೋಣ. ಭವನಕ್ಕೆ ಒಂದು ಗೋಡೆ ಗಡಿಯಾರ ಬೇಕಾಗಿದೆ, ಯಾರಲ್ಲಾದರೂ ಇದ್ದರೆ ಬರುವಾಗ ತರ್ರಿ.