ದೂರದ ವೈದ್ಯ, ಹತ್ತಿರದ ಹೊಣೆ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧದಾನದ ಹೊಣೆ ವಿಶೇಷವಾದುದು. ಹಸಿದವನು ಅನ್ನವನ್ನು ತಾನೇ ಗುರುತಿಸಬಲ್ಲನು. ರೋಗಿಯಾದರೋ ತನಗೆ ಕೊಟ್ಟುದು ಹಿತವೋ ಅಹಿತವೋ ಎಂಬುದನ್ನು ಅರಿಯಲಾರನು. ಕೊಡುವವರನ್ನು ನಂಬಿಯೇ ಸ್ವೀಕರಿಸಬೇಕು. ಕೊಡುವವರು ನೂರಾರು ಮೈಲಿ ದೂರದಲ್ಲಿದ್ದರೆ ಆ ನಂಬಿಕೆಗೆ ಆಧಾರವೇನು?

ಕೊಡಗಿನ ಮೂರ್ನಾಡಿನಂತಹ ಊರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಜಿಲ್ಲೆಯ ಅನೇಕ ರಸ್ತೆಗಳು ಕಡಿದುಹೋದುದನ್ನು ಜನ ಮರೆತಿಲ್ಲ. ಅಲ್ಲಿಯ ವೃದ್ಧೆಯೊಬ್ಬರಿಗೆ ಬೆಂಗಳೂರಿನ ತಜ್ಞರ ಸಲಹೆ ದೂರವಾಣಿಯಲ್ಲಿಯೇ ದೊರೆಯುವುದು ಉಪಕಾರವೇ ಸರಿ. ಈ ಕ್ರಮ ಕರ್ನಾಟಕಕ್ಕೆ ಹೊಸದೂ ಅಲ್ಲ. ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೆ ಬೆಂಗಳೂರಿನ ಹೃದ್ರೋಗತಜ್ಞರ ಸಂಪರ್ಕ 2002ರಲ್ಲಿಯೇ ದೊರೆತಿತ್ತು.

ನಿಯಮ ಮಾತ್ರ ತಡವಾಗಿ ಬಂದಿತು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ನೋಂದಾಯಿತ ವೈದ್ಯರು ದೇಶದ ಯಾವ ಭಾಗದ ರೋಗಿಗಾದರೂ ಸಲಹೆ ನೀಡಬಹುದು. ಔಷಧಚೀಟಿಯಲ್ಲಿ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು, ದಾಖಲೆಯನ್ನು ಕಾಯ್ದಿಡಬೇಕು. ರೋಗಿಯೇ ಕರೆ ಮಾಡಿದರೆ ಸಮ್ಮತಿಯಿದೆಯೆಂದು ಭಾವಿಸಲಾಗುತ್ತದೆ. ಆರೈಕೆ ಮಾಡುವವರು ಕರೆ ಮಾಡಿದರೆ ಸ್ಪಷ್ಟವಾದ ಸಮ್ಮತಿ ಬೇಕು.

ಆದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಅಧಿನಿಯಮವು ಕಟ್ಟಡ, ಸಲಕರಣೆ, ಸಿಬ್ಬಂದಿಗಳನ್ನು ಮುಂದಿಟ್ಟುಕೊಂಡು ರಚಿತವಾದುದು. ಅದರ ನೋಂದಣಿಯೂ, 2017ರ ತಿದ್ದುಪಡಿಯಿಂದ ಬಂದ ಕುಂದುಕೊರತೆಯ ವಿಚಾರಣೆಯೂ ಜಿಲ್ಲಾ ಪ್ರಾಧಿಕಾರದ ಕೈಯಲ್ಲಿವೆ. ವೈದ್ಯರು ಒಂದು ಜಿಲ್ಲೆಯಲ್ಲಿ, ರೋಗಿ ಇನ್ನೊಂದರಲ್ಲಿ ಇದ್ದಾಗ ಮೂರ್ನಾಡಿನ ವೃದ್ಧೆ ದೂರು ಹಿಡಿದು ಬೆಂಗಳೂರಿಗೆ ಅಲೆಯಬೇಕೇ? ಸಲಹೆ ಮನೆಬಾಗಿಲಿಗೆ ಬರುವುದಾದರೆ ನ್ಯಾಯವೂ ಅಲ್ಲಿಗೇ ಬರುವಂತೆ ಕಾನೂನು ಪರಿಷ್ಕೃತವಾಗುವುದು ಯುಕ್ತ. ಹಾಗೆಂದು ಅದು ವೈದ್ಯರನ್ನು ಹೆದರಿಸಿ ಹಿಮ್ಮೆಟ್ಟಿಸುವಷ್ಟು ಕಠಿಣವಾಗಬಾರದು. ಆಗ ನಷ್ಟ ದೂರದೂರಿನ ರೋಗಿಗೇ.

ಕಾನೂನು ತಲುಪದ ಸ್ಥಳವೂ ಒಂದಿದೆ. ಅದು ರೋಗಿಯ ಮನೆ. ನಾಡಿ ಹಿಡಿಯಲಾಗದ ವೈದ್ಯರಿಗೆ ಮಾತೇ ಮುಖ್ಯ ಆಧಾರ. ತಾಯಿಯ ಬದಲು ಮಗನೇ ಉತ್ತರಿಸುತ್ತ ಹೋದರೆ ಆಕೆ ಹೇಳಬಯಸಿದ ನೋವು ಬಿಟ್ಟುಹೋಗಬಹುದು. ಈಗಾಗಲೇ ಸೇವಿಸುತ್ತಿರುವ ಔಷಧವನ್ನು ತಿಳಿಸದಿದ್ದರೆ ಹೊಸ ಔಷಧವೇ ಪ್ರಾಣಕ್ಕೆ ಎರವಾಗಬಹುದು. ಮಗನ ಉದ್ದೇಶ ಒಳ್ಳೆಯದೇ. ಆದರೂ ಪ್ರಮಾದದಿಂದಾದ ಹಾನಿಯನ್ನು ಜೈನಧರ್ಮವು ಹಿಂಸೆಯೆಂದೇ ಎಣಿಸುತ್ತದೆ.

ಬಸದಿಗಳ ಧರ್ಮಸಂಸ್ಥೆಗಳು ಬಾಗಿಲುಳ್ಳ ಒಂದು ಕೋಣೆಯನ್ನೂ ನೆರವಿಗೆ ಒಬ್ಬರನ್ನೂ ಒದಗಿಸಿದರೆ ಅದೂ ಔಷಧದಾನವೇ. ನೆರವಾದವರು ಕರೆಯನ್ನು ಜೋಡಿಸಿಕೊಟ್ಟು ಹೊರಗೆ ನಿಲ್ಲಲಿ. ರೋಗಿ ತನ್ನ ನೋವನ್ನು ತಾನೇ ಹೇಳಿಕೊಳ್ಳಲಿ.